ಪದ ಪರಿಚಯ: ಸಾಂಸ್ಕೃತಿಕ ಬಂಡವಾಳ

ಕನ್ನಡದಲ್ಲಿ ‘ಬಂಡವಾಳ’ ಎಂಬ ಪದಕ್ಕೆ ಎರಡು ಬಳಕೆಗಳಿವೆ. ವ್ಯಾಪಾರಕ್ಕೆ ತೊಡಗಿಸುವ ಅಸಲು ಎಂಬುದು ಒಂದು. ‘ಅವನ ಬಂಡವಾಳ ಬಯಲಾಯಿತು’ ಎನ್ನುವಾಗ ಬರುವ, ಒಳಗೆ ನಿಜಕ್ಕೂ ಇರುವುದೆಷ್ಟು ಎಂಬ ಅರ್ಥ ಇನ್ನೊಂದು. ಸಮಾಜಶಾಸ್ತ್ರದ ‘ಸಾಂಸ್ಕೃತಿಕ ಬಂಡವಾಳ’ ಎಂದರೆ ಹಣವಲ್ಲದ, ಆದರೆ ಶಾಲೆಯಲ್ಲಿ ಹಣದಂತೆ ಲಾಭ ತರುವ ಮಾತು, ಅರಿವು, ಪುಸ್ತಕ, ಪದವಿಗಳ ಗಂಟು. ಆ ಪದ ಹುಟ್ಟಿದ್ದು ಮೊದಲನೆಯ ಅರ್ಥದಿಂದ. ಆದರೆ ಶಾಲೆಯೊಳಗೆ ಅದು ಎರಡನೆಯ ಅರ್ಥದ ವೇಷದಲ್ಲಿ ಓಡಾಡುತ್ತದೆ: ಮನೆಯಿಂದ ಬಂದ ಅಸಲು ಮಗುವಿನ ಸ್ವಂತ ಯೋಗ್ಯತೆಯಂತೆ ಕಾಣುತ್ತದೆ, ಅಸಲಿಲ್ಲದೆ ಬಂದ ಮಗುವಿನ ‘ಬಂಡವಾಳ’ ತರಗತಿಯಲ್ಲಿ ಬಯಲಾದಂತೆ ತೋರುತ್ತದೆ. ಈ ಕಣ್ಕಟ್ಟನ್ನು ಹೆಸರಿಟ್ಟು ತೋರಿಸುವುದೇ ಈ ಪರಿಭಾಷೆಯ ಕೆಲಸ.

ಸಾಮಾಜಿಕ ವರ್ಗ ಎಂದಾಗ ಇಲ್ಲಿ ಕುಟುಂಬದ ಆದಾಯ, ತಂದೆತಾಯಿಯರ ಶಿಕ್ಷಣ ಮತ್ತು ಅವರ ಉದ್ಯೋಗ ಮೂರೂ ಸೇರಿ ನಿರ್ಧರಿಸುವ ಸ್ಥಾನವನ್ನು ಗ್ರಹಿಸಬೇಕು. ಈ ಸ್ಥಾನಕ್ಕೂ ಮಕ್ಕಳ ಕಲಿಕೆಗೂ ನಂಟಿದೆ ಎಂಬುದು ಹಳೆಯ ತಿಳಿವಳಿಕೆ; ಅದನ್ನು ದೊಡ್ಡ ಪ್ರಮಾಣದಲ್ಲಿ ಅಳೆದು ತೋರಿಸಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ 1966ರಲ್ಲಿ ಹೊರಬಂದ ವರದಿ. ಸುಮಾರು 4,000 ಶಾಲೆಗಳ 6 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ ಆ ಸಮೀಕ್ಷೆಯಲ್ಲಿ, ಶಾಲೆಗಳ ಸೌಲಭ್ಯಗಳ ನಡುವಣ ವ್ಯತ್ಯಾಸಕ್ಕಿಂತ ಮನೆಯ ಹಿನ್ನೆಲೆಯೇ ಅಂಕಗಳ ಅಂತರವನ್ನು ಹೆಚ್ಚಾಗಿ ವಿವರಿಸುತ್ತದೆ ಎಂದು ಕಂಡುಬಂದಿತು. ಅಂತರ ಎಷ್ಟು ಎಂಬುದು ತಿಳಿಯಿತು. ಅದು ಹೇಗೆ ಹುಟ್ಟುತ್ತದೆ ಎಂಬುದು ತಿಳಿಯಲಿಲ್ಲ. ಹಣವಿಲ್ಲದಿರುವುದು ಹಸಿವಾಗಿ, ಇಕ್ಕಟ್ಟಾದ ಮನೆಯಾಗಿ, ತಪ್ಪಿದ ಹಾಜರಿಯಾಗಿ ಓದನ್ನು ತಿನ್ನುತ್ತದೆ ಎಂಬುದನ್ನು ಯಾರೂ ಸಿದ್ಧಾಂತವಿಲ್ಲದೆಯೇ ಹೇಳಬಲ್ಲರು. ಆದರೆ ಶುಲ್ಕವಿಲ್ಲದ ಶಾಲೆಯಲ್ಲಿ, ಒಂದೇ ಪಠ್ಯವನ್ನು ಒಬ್ಬರೇ ಶಿಕ್ಷಕರಿಂದ ಕಲಿತ, ಹೊಟ್ಟೆ ತುಂಬಿದ ಮಕ್ಕಳ ನಡುವೆಯೂ ಅಂತರ ಉಳಿಯುವುದೇಕೆ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ. ಅವರು 1930ರಲ್ಲಿ ನೈರುತ್ಯ ಫ್ರಾನ್ಸಿನ ದೆಂಗೆ ಎಂಬ ಹಳ್ಳಿಯಲ್ಲಿ, ಅಂಚೆ ನೌಕರರೊಬ್ಬರ ಮಗನಾಗಿ ಹುಟ್ಟಿದರು. ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿ, ಪ್ಯಾರಿಸ್ಸಿನ ಅತ್ಯಂತ ಪ್ರತಿಷ್ಠಿತ ಸಂಸ್ಥೆಯನ್ನು ಸೇರಿ, 1981ರಲ್ಲಿ ಆ ದೇಶದ ಉನ್ನತ ವಿದ್ಯಾಸಂಸ್ಥೆಯಾದ ಕೊಲೆಜ್ ದ ಫ್ರಾನ್ಸ್‌ನ ಪೀಠಕ್ಕೇರಿದರು. ಶಾಲೆಯ ದೃಷ್ಟಿಯಲ್ಲಿ ಅವರದು ಯಶಸ್ಸಿನ ಕಥೆ. ಅವರು ಮಾತ್ರ ತಮ್ಮ ಯಶಸ್ಸನ್ನು ಶಾಲೆಯ ನ್ಯಾಯಪರತೆಗೆ ಸಾಕ್ಷಿಯಾಗಿ ಒಪ್ಪಲಿಲ್ಲ. ಸಹೋದ್ಯೋಗಿ ಜಾನ್ ಕ್ಲೋಡ್ ಪಾಸೆರಾನ್ ಜೊತೆ 1964 ಮತ್ತು 1970ರಲ್ಲಿ ಬರೆದ ಎರಡು ಪುಸ್ತಕಗಳಲ್ಲಿ ಅವರು ಮುಂದಿಟ್ಟ ವಾದದ ತಿರುಳು ಇಷ್ಟು: ಶಾಲೆ ತಾನು ಕಲಿಸುವುದನ್ನು ಮಾತ್ರ ಪರೀಕ್ಷಿಸುವುದಿಲ್ಲ, ತಾನು ಕಲಿಸದೆ ಬಿಟ್ಟದ್ದನ್ನೂ ಮಕ್ಕಳಿಂದ ನಿರೀಕ್ಷಿಸುತ್ತದೆ, ಮತ್ತು ಆ ಕಲಿಸದ ಭಾಗ ಕೆಲವು ಮನೆಗಳಲ್ಲಿ ಮಾತ್ರ ದೊರೆಯುತ್ತದೆ.

ಸಾಂಸ್ಕೃತಿಕ ಬಂಡವಾಳಕ್ಕೆ ಬೂರ್ದ್ಯೂ ಮೂರು ರೂಪಗಳನ್ನು ಗುರುತಿಸಿದರು. ಪದವಿ, ಪ್ರಮಾಣಪತ್ರಗಳು ಸಾಂಸ್ಥಿಕ ರೂಪ. ಪುಸ್ತಕ, ಚಿತ್ರ, ವಾದ್ಯ, ಉಪಕರಣಗಳು ವಸ್ತು ರೂಪ. ವಸ್ತು ರೂಪವನ್ನು ಎಣಿಸುವುದು ಸುಲಭವಾದ್ದರಿಂದ ಸಂಶೋಧಕರು ಅದನ್ನೇ ಹೆಚ್ಚು ಎಣಿಸಿದ್ದಾರೆ: 2010ರಲ್ಲಿ ಪ್ರಕಟವಾದ, 27 ದೇಶಗಳ ಅಂಕಿಅಂಶಗಳನ್ನು ಆಧರಿಸಿದ ಅಧ್ಯಯನವೊಂದರ ಪ್ರಕಾರ, ತಂದೆತಾಯಿಯರ ಶಿಕ್ಷಣ ಮತ್ತು ಉದ್ಯೋಗ ಒಂದೇ ಮಟ್ಟದ್ದಾಗಿದ್ದರೂ, ಸುಮಾರು 500 ಪುಸ್ತಕಗಳಿರುವ ಮನೆಯಲ್ಲಿ ಬೆಳೆದವರು ಪುಸ್ತಕವೇ ಇಲ್ಲದ ಮನೆಯವರಿಗಿಂತ ಸರಾಸರಿ 3 ವರ್ಷ ಹೆಚ್ಚು ಓದಿರುತ್ತಾರೆ. ಮೂರನೆಯದನ್ನು ಕನ್ನಡದಲ್ಲಿ ಮೈಗೂಡಿದ ರೂಪ ಎನ್ನಬಹುದು. ಈ ಪರಿಕಲ್ಪನೆಗೆ ಇದಕ್ಕಿಂತ ಒಪ್ಪುವ ಪದ ಬೇರೆ ಭಾಷೆಗಳಲ್ಲಿ ಸಿಕ್ಕೀತೋ ಇಲ್ಲವೋ. ಮಾತಿನ ವರಸೆ, ಪದಸಂಪತ್ತು, ಒಂದು ಬರಹವನ್ನು ಎದುರಿಸುವ ರೀತಿ, ಹಿರಿಯರ ಮುಂದೆ ಕೂರುವ ನಿಲ್ಲುವ ಬಗೆ, ಯಾವ ಪ್ರಶ್ನೆಗೆ ಎಂಥ ಉತ್ತರ ತಕ್ಕುದು ಎಂಬ ಒಳಅರಿವು, ಇವೆಲ್ಲ ಇದರಲ್ಲಿ ಸೇರುತ್ತವೆ. ಹಣವನ್ನು ಒಂದು ಸಹಿಯಿಂದ ಮಗನಿಗೆ ವರ್ಗಾಯಿಸಬಹುದು. ಇದನ್ನು ಹಾಗೆ ವರ್ಗಾಯಿಸಲಾಗದು. ನಮ್ಮ ಪರವಾಗಿ ಬೇರೆಯವರು ಸಾಮು ಮಾಡಿದರೆ ನಮ್ಮ ಮೈ ಕಟ್ಟುಮಸ್ತಾಗದು. ಹಾಗೆಯೇ ಇದಕ್ಕೆ ಮಗುವಿನದೂ ಹಿರಿಯರದೂ ವರ್ಷಗಟ್ಟಲೆ ಸಮಯ ಬೇಕು. ಬಿಡುವಿರುವ ಮನೆಗೆ ಅದು ಸಿಗುತ್ತದೆ, ಎರಡು ಪಾಳಿ ದುಡಿಯುವ ಮನೆಗೆ ಸಿಗುವುದಿಲ್ಲ. ಹಣದ ಅಂತರ ಸಮಯದ ಅಂತರವಾಗಿ, ಸಮಯದ ಅಂತರ ಮಾತಿನ ಅಂತರವಾಗಿ, ಕೊನೆಗೆ ಅಂಕದ ಅಂತರವಾಗಿ ಇಳಿಯುವ ದಾರಿ ಇದು. ದಾರಿ ಉದ್ದವಾದಷ್ಟೂ ಮೂಲ ಮರೆಯಾಗುತ್ತದೆ.

ಮಾತು ಬರೀ ಸಿದ್ಧಾಂತವಾಗದಿರಲು ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಬ್ರಿಟನ್ನಿನಲ್ಲಿ ವರ್ಗ ಮತ್ತು ಭಾಷೆಯ ಸಂಬಂಧವನ್ನು ಅಧ್ಯಯನ ಮಾಡಿದ ಬಾಸಿಲ್ ಬರ್ನ್‌ಸ್ಟೈನ್ ಅವರ ಬಳಗಕ್ಕೆ ಸೇರಿದ ಜಾನೆಟ್ ಹಾಲೆಂಡ್ 1981ರಲ್ಲಿ ಪ್ರಕಟಿಸಿದ್ದು ಇದು. ಚಿಕ್ಕ ಮಕ್ಕಳ ಮುಂದೆ ಬಗೆಬಗೆಯ ತಿನಿಸುಗಳ ಚಿತ್ರಗಳಿದ್ದ ಕಾರ್ಡುಗಳನ್ನು ಹರಡಿ, ಜೊತೆಗೆ ಸೇರುವಂಥವನ್ನು ಗುಂಪು ಮಾಡಿ, ಹಾಗೇಕೆ ಸೇರಿಸಿದಿರಿ ಹೇಳಿ ಎಂದು ಕೇಳಲಾಯಿತು. ಕಾರ್ಮಿಕ ವರ್ಗದ ಮನೆಗಳ ಮಕ್ಕಳು ಹೆಚ್ಚಾಗಿ ಕೊಟ್ಟ ಕಾರಣ, ಇವನ್ನು ನಾವು ಮನೆಯಲ್ಲಿ ತಿನ್ನುತ್ತೇವೆ, ಇದನ್ನು ಅಮ್ಮ ಮಾಡುತ್ತಾಳೆ ಎಂಬಂಥದ್ದು. ಮಧ್ಯಮ ವರ್ಗದ ಮಕ್ಕಳು ಹೆಚ್ಚಾಗಿ ಹೇಳಿದ್ದು, ಇವು ತರಕಾರಿಗಳು, ಇವು ಸಮುದ್ರದಿಂದ ಬರುವಂಥವು ಎಂದು. ಇಲ್ಲಿಗೇ ನಿಲ್ಲಿಸಿದ್ದರೆ, ಒಂದು ವರ್ಗದ ಮಕ್ಕಳಿಗೆ ಅಮೂರ್ತ ಚಿಂತನೆ ಒಗ್ಗಿದೆ, ಇನ್ನೊಂದಕ್ಕೆ ಒಗ್ಗಿಲ್ಲ ಎಂಬ ಹಳಸಿದ ತೀರ್ಮಾನಕ್ಕೆ ಬರಬಹುದಿತ್ತು. ಪ್ರಯೋಗದ ನಿಜವಾದ ಸ್ವಾರಸ್ಯ ಎರಡನೆಯ ಸುತ್ತಿನಲ್ಲಿದೆ. ಈಗ ಬೇರೆ ರೀತಿಯಲ್ಲಿ ಗುಂಪು ಮಾಡಿ ಎಂದಾಗ, ಮಧ್ಯಮ ವರ್ಗದ ಮಕ್ಕಳಲ್ಲಿ ಅನೇಕರು ತಾವೂ ಮನೆಯ ಊಟದ ಲೆಕ್ಕಕ್ಕೆ ಬಂದರು. ಅಂದರೆ ಅವರಿಗೆ ಎರಡೂ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅಪರಿಚಿತ ಹಿರಿಯರು ಶಾಲೆಯಲ್ಲಿ ಕೇಳಿದಾಗ ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕು ಎಂಬುದು ಗೊತ್ತಿತ್ತು. ಪ್ರಶ್ನೆಯಲ್ಲಿ ಎಲ್ಲಿಯೂ ಆ ಸೂಚನೆ ಇರಲಿಲ್ಲ. ಇಲ್ಲದ ಸೂಚನೆಯನ್ನು ಓದಿಕೊಳ್ಳುವ ಈ ಜಾಣ್ಮೆಯೇ ಮೈಗೂಡಿದ ಬಂಡವಾಳ.

ಈ ಜಾಣ್ಮೆ ಮನೆಯಲ್ಲಿ ಹೇಗೆ ಹರಳುಗಟ್ಟುತ್ತದೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆನೆಟ್ ಲೆರೋ ದಾಖಲಿಸಿದ್ದಾರೆ. ಅವರ ತಂಡ 12 ಕುಟುಂಬಗಳ ಜೊತೆಗೆ ದಿನಗಟ್ಟಲೆ ಇದ್ದು ನೋಡಿ ಬರೆದದ್ದು 2003ರಲ್ಲಿ ಪುಸ್ತಕವಾಯಿತು. ಅದರಲ್ಲೊಂದು ಪ್ರಸಂಗವಿದೆ. ವೈದ್ಯರಲ್ಲಿಗೆ ಹೋಗುವ ದಾರಿಯಲ್ಲಿ ಮಧ್ಯಮ ವರ್ಗದ ತಾಯಿಯೊಬ್ಬಳು ಕಾರಿನಲ್ಲಿ ಮಗನಿಗೆ, ಡಾಕ್ಟರನ್ನು ಏನು ಕೇಳಬೇಕೆಂದು ಯೋಚಿಸಿಕೋ, ಏನನ್ನು ಬೇಕಾದರೂ ಕೇಳು, ಸಂಕೋಚ ಬೇಡ ಎನ್ನುತ್ತಾಳೆ. ಒಳಗೆ ವೈದ್ಯರು ಹುಡುಗನ ಎತ್ತರವನ್ನು ಹತ್ತು ವರ್ಷದ ಮಕ್ಕಳ ಜೊತೆ ಹೋಲಿಸಿ ಹೇಳುವಾಗ, ತನಗಿನ್ನೂ ಹತ್ತು ತುಂಬಿಲ್ಲ ಎಂದು ಅವನು ನಡುವೆ ಬಾಯಿ ಹಾಕಿ ತಿದ್ದುತ್ತಾನೆ. ವೈದ್ಯರು ಅದನ್ನು ಉದ್ಧಟತನವೆಂದು ಎಣಿಸುವುದಿಲ್ಲ, ಸಮಜಾಯಿಷಿ ಕೊಡುತ್ತಾರೆ. ಬಡ ಮತ್ತು ಕಾರ್ಮಿಕ ಕುಟುಂಬಗಳ ಮಕ್ಕಳು ಸಂಸ್ಥೆಗಳ ಹಿರಿಯರೆದುರು ತಲೆ ತಗ್ಗಿಸಿ ಕೇಳಿದಷ್ಟಕ್ಕೆ ಉತ್ತರಿಸುವುದನ್ನು ಲೆರೋ ಕಂಡರು. ಅದೇ ಮಕ್ಕಳು ಬಂಧುಗಳ ನಡುವೆ ಹೆಚ್ಚು ಸಲೀಸಾಗಿ, ಕಿರಿಕಿರಿ ಕಡಿಮೆ ಮಾಡಿ, ತಮ್ಮ ಆಟವನ್ನು ತಾವೇ ಕಟ್ಟಿಕೊಂಡು ಇರುತ್ತಿದ್ದುದನ್ನೂ ಬರೆದರು. ಹಿರಿಯರೆದುರು ಅಳುಕದೆ ಮಾತಾಡುವ ಗುಣಕ್ಕೆ ಶಾಲೆ ಅಂಕ ಕೊಡುತ್ತದೆ, ಬಂಧುಗಳ ನಡುವಿನ ಈ ಗುಣಕ್ಕೆ ಕೊಡುವುದಿಲ್ಲ. ಒಳ್ಳೆಯ ಗುಣ ಯಾವುದು ಎಂಬ ತಕರಾರು ಇಲ್ಲಿಲ್ಲ. ಚಲಾವಣೆಯಲ್ಲಿರುವ ನಾಣ್ಯ ಯಾವುದು ಎಂಬುದಷ್ಟೇ ಪ್ರಶ್ನೆ.

ನಾಣ್ಯವನ್ನು ಚಲಾವಣೆಗೆ ತರುವವರು ಶಿಕ್ಷಕರು, ಬಹಳ ಸಲ ತಮಗೇ ಅರಿವಿಲ್ಲದೆ. ಪ್ಯಾರಿಸ್ಸಿನ ಅಧ್ಯಾಪಕರೊಬ್ಬರು ವಿದ್ಯಾರ್ಥಿನಿಯರ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನು ಬೂರ್ದ್ಯೂ ಮತ್ತು ಅವರ ಇನ್ನೊಬ್ಬ ಸಹೋದ್ಯೋಗಿ 1975ರಲ್ಲಿ ವಿಶ್ಲೇಷಿಸಿದಾಗ, ಅಂಕ ಸಮನಾಗಿದ್ದ ಕಡೆಯೂ ವಿದ್ಯಾರ್ಥಿನಿಯ ವರ್ಗ ಕೆಳಗಿಳಿದಂತೆ ವಿಶೇಷಣಗಳು ಒರಟಾಗುತ್ತಾ ಹೋಗಿದ್ದವು. ‘ಕಷ್ಟಪಟ್ಟು ಓದುತ್ತಾಳೆ’ ಎಂಬ ಮಾತನ್ನು ನಾವು ಹೊಗಳಿಕೆಯೆಂದೇ ಬರೆಯುತ್ತೇವೆ. ಆದರೆ ಪಕ್ಕದ ಹೆಸರಿನ ಮುಂದೆ ‘ಸಹಜ ಪ್ರತಿಭೆ’ ಎಂದಿದ್ದರೆ ಅದು ಹೊಗಳಿಕೆಯಾಗಿ ಉಳಿಯುವುದಿಲ್ಲ.

ಇನ್ನು ಈ ಪದದ ಸುತ್ತಲಿನ ತಪ್ಪು ತಿಳಿವಳಿಕೆಗಳು. ಕನ್ನಡ ಓದುಗರಿಗೆ ದೊಡ್ಡ ತೊಡಕು ‘ಸಂಸ್ಕೃತಿ’ಯ ಪಕ್ಕದಲ್ಲೇ ‘ಸಂಸ್ಕಾರ’ ಕುಳಿತಿರುವುದು. ಸಾಂಸ್ಕೃತಿಕ ಬಂಡವಾಳವಿಲ್ಲದ ಮನೆ ಎಂದೊಡನೆ ಸಂಸ್ಕಾರವಿಲ್ಲದ ಮನೆ ಎಂದು ಕಿವಿಗೆ ಬೀಳುತ್ತದೆ. ಪರಿಕಲ್ಪನೆಯ ಉದ್ದೇಶ ಇದಕ್ಕೆ ತೀರ ವಿರುದ್ಧ. ಎಲ್ಲ ಮನೆಗಳಲ್ಲೂ ಸಂಸ್ಕೃತಿ ಇದೆ. ಶಾಲೆ ಯಾವ ಮನೆಯ ಸಂಸ್ಕೃತಿಯನ್ನು ತನ್ನ ಅಳತೆಗೋಲಾಗಿ ಮಾಡಿಕೊಂಡಿದೆಯೋ ಅದು ಮಾತ್ರ ಬಂಡವಾಳವಾಗುತ್ತದೆ. ಈ ಜಾರುವಿಕೆ ಕನ್ನಡಕ್ಕೆ ಸೀಮಿತವಲ್ಲ. ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್ 2019ರ ತನ್ನ ಮಾರ್ಗಸೂಚಿಯಲ್ಲಿ ಈ ಪದವನ್ನು ಅಳವಡಿಸಿಕೊಂಡಾಗ, ಸುಶಿಕ್ಷಿತ ನಾಗರಿಕರಾಗಲು ಮಕ್ಕಳಿಗೆ ಬೇಕಾದ ಅಗತ್ಯ ಜ್ಞಾನ ಎಂಬ ಅರ್ಥದಲ್ಲಿ ಬಳಸಿತು. ಶಾಲೆಯ ಅಳತೆಗೋಲನ್ನೇ ಪ್ರಶ್ನಿಸಲು ಹುಟ್ಟಿದ ಪದ ಶಾಲೆಯ ಸಾಮಾನು ಪಟ್ಟಿಗೆ ಸೇರಿತು ಎಂದು ಟೀಕೆ ಬಂದದ್ದು ಸಹಜವೇ. ಬೂರ್ದ್ಯೂ ಅವರ ಚೌಕಟ್ಟಿನಲ್ಲೇ ಕೊರತೆಯ ದೃಷ್ಟಿಗೆ ಆಸ್ಪದವಿದೆ ಎಂದು ವಾದಿಸಿದವರೂ ಇದ್ದಾರೆ. ಅಮೆರಿಕದ ತಾರಾ ಯೊಸ್ಸೊ 2005ರಲ್ಲಿ, ಅಂಚಿಗೆ ಸರಿದ ಸಮುದಾಯಗಳ ಬಹುಭಾಷಾ ಕೌಶಲ, ಬಂಧುಬಳಗದ ಬಲ, ಪ್ರತಿರೋಧದ ಅನುಭವಗಳನ್ನೂ ಸಂಪತ್ತೆಂದೇ ಎಣಿಸಬೇಕು ಎಂದರು. ಎಣಿಸಬೇಕು ಎಂಬುದನ್ನು ಒಪ್ಪಬಹುದು. ಪರೀಕ್ಷೆ ಅವನ್ನು ಎಣಿಸದಿರುವವರೆಗೆ ಅವು ಬೂರ್ದ್ಯೂ ಹೇಳಿದ ಅರ್ಥದ ಬಂಡವಾಳವಾಗುವುದಿಲ್ಲ ಎಂಬುದನ್ನೂ ಮರೆಯಲಾಗದು.

ಈ ಪರಿಕಲ್ಪನೆ ಎಲ್ಲವನ್ನೂ ವಿವರಿಸುವುದಿಲ್ಲ. ಫ್ರಾನ್ಸಿನವರೇ ಆದ ರೇಮಂಡ್ ಬೂಡೋನ್ 1973ರಲ್ಲಿ ಒಂದು ಉಪಯುಕ್ತ ವಿಂಗಡಣೆ ಮಾಡಿದರು: ವರ್ಗದಿಂದಾಗಿ ಅಂಕಗಳಲ್ಲಿ ಮೂಡುವ ಅಂತರ ಒಂದು, ಅಂಕ ಒಂದೇ ಆಗಿದ್ದರೂ ಮುಂದೆ ಓದಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಮೂಡುವ ಅಂತರ ಇನ್ನೊಂದು. ಅನುಕೂಲಸ್ಥ ಮನೆಯ ಮಗು ಒಂದು ವರ್ಷ ಸೋತರೆ ವರ್ಷ ಮಾತ್ರ ಹೋಗುತ್ತದೆ. ಬಡಮನೆಯ ಮಗು ಸೋತರೆ ಮನೆಗೆ ಬರಬಹುದಾಗಿದ್ದ ಸಂಬಳವೂ, ಮಾಡಿದ ಸಾಲವೂ ಸೇರಿ ಹೋಗುತ್ತವೆ. ಅಂಥ ಮನೆಯವರು ಬೇಗ ಮುಗಿಯುವ ಕೋರ್ಸನ್ನು ಆರಿಸಿಕೊಂಡರೆ ಅದು ಆಸೆಯ ಕೊರತೆಯಲ್ಲ, ಲೆಕ್ಕ. ಇದನ್ನು ಸರಿಪಡಿಸಲು ವಿದ್ಯಾರ್ಥಿವೇತನ ಬೇಕೇ ಹೊರತು ಸಂಸ್ಕೃತಿಯ ಪಾಠವಲ್ಲ.

ಅಂಕದ ಅಂತರದ ವಿಷಯದಲ್ಲಿ ಮಾತ್ರ ಬೂರ್ದ್ಯೂ ಮತ್ತು ಪಾಸೆರಾನ್ 1964ರಲ್ಲೇ ಒಂದು ದಾರಿ ಸೂಚಿಸಿದ್ದರು: ಶಾಲೆ ಮೌನವಾಗಿ ನಿರೀಕ್ಷಿಸುವುದನ್ನು ಬಾಯಿಬಿಟ್ಟು ಕಲಿಸುವುದು. ಪ್ರಶ್ನೆಪತ್ರಿಕೆಯ ‘ವಿವರಿಸಿ’ಗೂ ‘ವಿಮರ್ಶಿಸಿ’ಗೂ ಏನು ವ್ಯತ್ಯಾಸ, ಪ್ರಬಂಧದ ಮೊದಲ ಪರಿಚ್ಛೇದ ಏನು ಮಾಡಬೇಕು, ಅರ್ಥವಾಗದಿದ್ದಾಗ ಶಿಕ್ಷಕರನ್ನು ಯಾವಾಗ, ಯಾವ ಮಾತಿನಲ್ಲಿ ಕೇಳಬಹುದು ಎಂಬಂಥ, ಕೆಲವು ಮಕ್ಕಳು ಊಟಕ್ಕೆ ಕುಳಿತಲ್ಲೇ ಕಲಿತುಬಿಟ್ಟಿರುವ ಸಂಗತಿಗಳನ್ನು, ಕಪ್ಪುಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುವುದು.