ಬಿದ್ದ ಮರಿ ಎತ್ತಿಕೊಂಡ ಊರು: ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಬಳಗದ ಹಿನ್ನೆಲೆ

ಹೆಜ್ಜಾರ್ಲೆ ಅಂದರೆ ಪೆಲಿಕನ್ ಹಕ್ಕಿ. ಅದರ ಮರಿ ಗೂಡಿನಿಂದ ಕೆಳಗೆ ಬಿದ್ದರೆ ತಾಯಿ ಇಳಿದು ಬರುವುದಿಲ್ಲ. ಗುಟುಕು ಕೊಡುವುದೇನಿದ್ದರೂ ಮರದ ಮೇಲೆ, ಗೂಡಿನಲ್ಲೇ. ಬಿದ್ದ ಮರಿ ಬುಡದಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತದೆ. ಮೇಲೆ ನೋಡಿದರೆ ತಾಯಿ ಕಾಣುತ್ತದೆ. ಕೆಳಗೆ ನಾಯಿ, ಬಿಸಿಲು, ಹಸಿವು. ಯಾರೂ ಎತ್ತಿಕೊಳ್ಳದಿದ್ದರೆ ಅದು ಉಳಿಯುವುದಿಲ್ಲ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇಂಥ ಮರಿಗಳನ್ನು ಎತ್ತಿ ಸಾಕುವ ಕೆಲಸ ಶುರುವಾಗಿ ಮೂವತ್ತು ವರ್ಷದ ಹತ್ತಿರ ಬಂತು. ಶುರು ಮಾಡಿದ್ದು ಮೈಸೂರಿನ ಒಂದು ನಿಸರ್ಗ ಕ್ಲಬ್ಬು, ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್. ಅದಕ್ಕೆ ಕೈ ಜೋಡಿಸಿದ್ದು ಊರಿನ ಹುಡುಗರು. ಅವರ ಗುಂಪಿನ ಹೆಸರೇ ಹೆಜ್ಜಾರ್ಲೆ ಬಳಗ. ಆದರೆ ಈ ಕಥೆ ಅವರಿಗಿಂತ ಬಹಳ ಹಳೆಯದು.

ಬೆಳ್ಳೂರಿಗೆ ಹಕ್ಕಿ ಯಾವಾಗಿನಿಂದ ಬರುತ್ತಿದೆ ಅಂತ ಕೇಳಿದರೆ ಊರಿನವರು ‘ನಮ್ಮ ತಾತನ ಕಾಲದಲ್ಲೂ ಇತ್ತು’ ಅನ್ನುತ್ತಾರೆ. ಮೊದಲು ಊರು ಇದ್ದದ್ದು ಶಿಂಷಾ ನದಿಯ ದಡಕ್ಕೆ ಇನ್ನೂ ಹತ್ತಿರ. ಸುಮಾರು ನೂರು ವರ್ಷದ ಹಿಂದೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. ಜನರನ್ನು ಬಿಟ್ಟು ದೂರ ಹೋಗುವ ಹಕ್ಕಿಗಳನ್ನು ಕೇಳಿದ್ದೇವೆ. ಇವು ಜನ ಇರುವ ಕಡೆಗೇ ಬಂದವು.

ಚಳಿಗಾಲದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಮನೆ ಹಿತ್ತಲಿನ, ಬೀದಿ ಬದಿಯ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮರಿಗಳ ಜೊತೆ ಹೊರಡುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಅಂತ ಊರಿನವರು ಅವನ್ನು ಕರೆಯುತ್ತಾರೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಿರುತ್ತದೆ ಅನ್ನುವ ನಂಬಿಕೆಯೂ ಇದೆ. ಮೇಲೆ ಹಕ್ಕಿ, ಕೆಳಗೆ ಮನುಷ್ಯರು. ಎರಡಂತಸ್ತಿನ ಊರು ಅಂತ ಇದನ್ನು ಅಧ್ಯಯನ ಮಾಡಿದವರು ಕರೆದದ್ದು ಸುಮ್ನೆ ಅಲ್ಲ.

ಬರೀ ನಂಬಿಕೆ ಅಷ್ಟೇ ಅಲ್ಲ, ಲೆಕ್ಕವೂ ಇತ್ತು. ಗೂಡಿರುವ ಮರದ ಬುಡದಲ್ಲಿ ರೈತರು ಗುಂಡಿ ತೋಡುತ್ತಿದ್ದರು. ಅದಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ತಂದು ಹಾಕುತ್ತಿದ್ದರು. ಮೇಲಿನಿಂದ ಹಿಕ್ಕೆ ಬಿದ್ದೂ ಬಿದ್ದೂ ಮಣ್ಣೆಲ್ಲ ಬೆಳ್ಳಗಾಗುತ್ತಿತ್ತು. ಮೀನು ತಿನ್ನುವ ಹಕ್ಕಿಯ ಹಿಕ್ಕೆ ಅಂದರೆ ಒಳ್ಳೆಯ ಗೊಬ್ಬರ. ಹಕ್ಕಿ ಹೋದ ಮೇಲೆ ಅದನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಮರದ ಕೆಳಗೆ ನಿಂತರೆ ಮೂಗಿಗೆ ರಪ್ಪನೆ ಹೊಡೆಯುವ ಆ ಕೊಳೆತ ಮೀನಿನ ವಾಸನೆಯನ್ನು ಮನೆ ಮಂದಿ ಆರು ತಿಂಗಳು ಸಹಿಸಿಕೊಳ್ಳುವುದು ಸಣ್ಣ ಮಾತಲ್ಲ.

ಹೊರಗಿನ ಪಕ್ಷಿ ಪ್ರಪಂಚಕ್ಕೆ ಈ ಊರು ಸರಿಯಾಗಿ ಗೊತ್ತಾಗಿದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರಿಂದ. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಮರ ನೆಡಿಸಿದವರೂ ಇವರೇ. ಕರ್ನಾಟಕದಲ್ಲಿ ಹೆಜ್ಜಾರ್ಲೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತದೆ ಅನ್ನುವುದು ಆಗ ದೊಡ್ಡ ಸುದ್ದಿ.

ಯಾಕೆ ದೊಡ್ಡದು ಅಂತ ತಿಳಿಯಲು ಬರ್ಮಾದ ಕಡೆ ಒಮ್ಮೆ ನೋಡಬೇಕು. 1877ರಲ್ಲಿ ಅಲ್ಲಿನ ಸಿತ್ತಾಂಗ್ ನದಿಯ ಬಯಲಿನಲ್ಲಿ ಇದೇ ಹೆಜ್ಜಾರ್ಲೆಗಳು ಲಕ್ಷಗಟ್ಟಲೆ ಗೂಡು ಕಟ್ಟಿದ್ದನ್ನು ಯೂಜೀನ್ ಓಟ್ಸ್ ಎಂಬ ಪಕ್ಷಿತಜ್ಞರು ಬರೆದಿಟ್ಟಿದ್ದರು. 1930ರ ದಶಕ ಮುಗಿಯುವಷ್ಟರಲ್ಲಿ ಆ ಸಂತೆ ಪೂರ್ತಿ ಖಾಲಿ. ಲಕ್ಷಗಟ್ಟಲೆ ಇದ್ದದ್ದು ಸುಮಾರು ಅರವತ್ತು ವರ್ಷದಲ್ಲಿ ಇಲ್ಲವಾಯಿತು ಅಂದರೆ, ಬೆಳ್ಳೂರಿನ ನಾಲ್ಕಾರು ಬೀದಿಯಲ್ಲಿ ಉಳಿದ ನೂರಾರು ಗೂಡುಗಳಿಗೆ ಎಷ್ಟು ಬೆಲೆ ಅಲ್ವಾ?

ನೇಗಿನಹಾಳರ ನಂತರ ಅರಣ್ಯ ಇಲಾಖೆ ಬಂತು. ಇಲ್ಲೊಂದು ತೊಡಕಿತ್ತು. ಇದು ಕಾಡಲ್ಲ, ಮರಗಳೆಲ್ಲ ರೈತರವು. ಗೂಡಿರುವ ಹುಣಸೆ ಮರದಲ್ಲಿ ಫಸಲು ಕೈಗೆ ಸಿಗುವುದಿಲ್ಲ. ಹಕ್ಕಿ ಕೂತಿರುವಾಗ ಬಡಿಯುವ ಹಾಗಿಲ್ಲ. ಹಾಗಾಗಿ ಗೂಡಿರುವ ಮರಕ್ಕೆ ವರ್ಷಕ್ಕಿಷ್ಟು ಅಂತ ಪರಿಹಾರ ಕೊಡುವ ಏರ್ಪಾಡಾಯಿತು. ಒಳ್ಳೆಯ ಯೋಚನೆಯೇ. ಆದರೆ ಹುಣಸೆಹಣ್ಣಿನ ಬೆಲೆ ಏರಿದ ಹಾಗೆ ಪರಿಹಾರ ಏರುವುದಿಲ್ಲ. ಇನ್ನೊಂದು ಮಾತೂ ಇದೆ. ಮಗಳ ಬಾಣಂತನಕ್ಕೆ ಯಾರಾದರೂ ದುಡ್ಡು ತಗೊಳ್ಳುತ್ತಾರಾ? ಒಮ್ಮೆ ದುಡ್ಡಿನ ಲೆಕ್ಕ ಬಂದ ಮೇಲೆ ‘ನಮ್ಮ ಹಕ್ಕಿ’ ಅನ್ನುವುದು ನಿಧಾನವಾಗಿ ‘ಸರ್ಕಾರದ ಹಕ್ಕಿ’ ಆಗುವ ಅಪಾಯ ಇದ್ದೇ ಇರುತ್ತದೆ.

1990ರ ದಶಕದ ಮಧ್ಯದಲ್ಲಿ ಮೈಸೂರಿನ ಕ್ಲಬ್ಬಿನವರು ಬೆಳ್ಳೂರಿಗೆ ಬಂದಾಗ ಪರಿಸ್ಥಿತಿ ಹೀಗಿತ್ತು. ಕೆ. ಮನು ಇವರಲ್ಲಿ ಮುಂದಾಳು. ಪಕ್ಷಿ ನೋಡುವ ಕ್ಲಬ್ಬುಗಳು ನಮ್ಮಲ್ಲಿ ಎಷ್ಟೋ ಇವೆ. ಭಾನುವಾರ ಬೆಳಿಗ್ಗೆ ಕೆರೆಗೆ ಹೋಗುವುದು, ಬೈನಾಕ್ಯುಲರ್‌ನಲ್ಲಿ ನೋಡುವುದು, ಪಟ್ಟಿ ಬರೆಯುವುದು. ಅದೂ ಬೇಕಾದ ಕೆಲಸವೇ. ಆದರೆ ಇವರು ಹಕ್ಕಿಯಷ್ಟೇ ಗಮನ ಕೊಟ್ಟು ಊರನ್ನೂ ನೋಡಿದರು. ಯಾರ ಮರ, ಎಷ್ಟು ಗೂಡು, ಆ ಮನೆಯವರಿಗೆ ಏನು ತೊಂದರೆ ಅಂತ ಜಗಲಿ ಮೇಲೆ ಕೂತು ಮಾತಾಡಿದರು. ನನಗೆ ಈ ಕ್ಲಬ್ಬಿನ ಬಗ್ಗೆ ಗೌರವ ಹುಟ್ಟಿದ್ದು ಇದರಿಂದಲೇ.

ಆಗ ಕಣ್ಣಿಗೆ ಬಿದ್ದದ್ದು ಮರದಿಂದ ಬೀಳುವ ಮರಿಗಳು. ಗಾಳಿ ಬೀಸಿದರೆ, ಗೂಡಿನಲ್ಲಿ ಮರಿಗಳು ಒಂದನ್ನೊಂದು ತಳ್ಳಾಡಿದರೆ ಬಿದ್ದೇ ಬೀಳುತ್ತವೆ. ಅಲ್ಲಿಯವರೆಗೆ ಮಕ್ಕಳು ನೋಡಿ ಮರುಗುತ್ತಿದ್ದರು, ಅಷ್ಟೇ. ಈಗ ಊರೊಳಗೇ ಜಾಲರಿ ಕಟ್ಟಿ ಒಂದು ಆವರಣ ಮಾಡಿದರು. ಬಿದ್ದ ಮರಿ ಸಿಕ್ಕಿದರೆ ಅಲ್ಲಿಗೆ ತಂದುಬಿಡುವುದು. ಹೆಜ್ಜಾರ್ಲೆ ಬಳಗದ ಹುಡುಗರು ಅದಕ್ಕೆ ಮೀನು ಹಾಕುವುದು.

ಹೇಳಿದಷ್ಟು ಸುಲಭದ ಕೆಲಸ ಅಲ್ಲ ಇದು. ಗೂಡಿನಲ್ಲಿ ಮರಿ ತನ್ನ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿಸಿ, ಅರೆ ಜೀರ್ಣವಾದ ಮೀನನ್ನು ತಿನ್ನುತ್ತದೆ. ಆವರಣದಲ್ಲಿ ಆ ಗಂಟಲಿಲ್ಲ. ಮನುಷ್ಯನ ಕೈ ಇದೆ. ಹೊಸದಾಗಿ ಬಂದ ಮರಿ ಬೆದರಿ ಮೂಲೆ ಸೇರುತ್ತದೆ. ಕೊಕ್ಕು ಬಿಡಿಸಿ, ಸಣ್ಣ ಮೀನನ್ನು ಒಳಗಿಟ್ಟು, ನುಂಗುವವರೆಗೆ ಕಾಯಬೇಕು. ಕೆಲವು ದಿನಕ್ಕೆ ಅದಕ್ಕೇ ಗೊತ್ತಾಗುತ್ತದೆ. ಮೀನಿನ ಬಕೆಟ್ ಕಂಡರೆ ರೆಕ್ಕೆ ಬಡಿಯುತ್ತಾ, ಗಂಟಲ ಚೀಲ ಅಲ್ಲಾಡಿಸುತ್ತಾ ತಾನೇ ಓಡಿ ಬರುತ್ತದೆ. ಬೆಳೆದ ಹೆಜ್ಜಾರ್ಲೆ ನಾಲ್ಕೈದು ಕಿಲೋ ತೂಗುವ ಹಕ್ಕಿ. ಅದರ ಹೊಟ್ಟೆಗೆ ದಿನಾ ಮೀನು ಹೊಂದಿಸಬೇಕು. ರೆಕ್ಕೆ ಬಲಿತ ಮೇಲೆ ಹಾರಿ ಹೋಗಿ ಗುಂಪು ಸೇರುತ್ತದೆ.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದು, ಜನರ ಜಮೀನಿನಲ್ಲಿ ಜನರನ್ನೂ ಸೇರಿಸಿಕೊಂಡು ಕಾಪಾಡುವ ‘ಸಮುದಾಯ ಮೀಸಲು ಪ್ರದೇಶ’ ಎಂಬ ಹೊಸ ವರ್ಗ ಹುಟ್ಟಿತು. 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಹಾಗೆ ಘೋಷಿಸಿದರು. ಊರಿನವರನ್ನು ಎಬ್ಬಿಸದೆ ಹಕ್ಕಿ ಉಳಿಸಬಹುದು ಅನ್ನುವುದಕ್ಕೆ ಕಾನೂನಿನ ಬಲ ಸಿಕ್ಕಿತು.

ಅಷ್ಟಾದರೂ ಚಿಂತೆ ಮುಗಿದಿಲ್ಲ. 2017ರ ಕೊನೆಯಿಂದ 2018ರವರೆಗೆ ಊರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಬಿದ್ದ ಮರಿಗಳಲ್ಲ, ಬೆಳೆದ ಹಕ್ಕಿಗಳು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ತುಂಬಿದ್ದವು. ಇಂಥ ಹುಳು ಹಕ್ಕಿಗೆ ಬರುವುದು ತಿನ್ನುವ ಮೀನಿನ ಮೂಲಕ. ಅಂದರೆ ಊರೊಳಗೆ ಎಷ್ಟು ಚೆನ್ನಾಗಿ ನೋಡಿಕೊಂಡರೂ, ಹಕ್ಕಿ ಉಣ್ಣುವ ತಟ್ಟೆ ಊರಾಚೆ ಇದೆ. ಶಿಂಷಾ ನದಿ, ಮದ್ದೂರು ಕೆರೆ, ತೈಲೂರು ಕೆರೆ, ಇನ್ನೂ ಸುತ್ತಲಿನ ಎಷ್ಟೋ ಕೆರೆಗಳು. ಅಲ್ಲಿಗೆ ಕೊಳಚೆ ಸೇರಿದರೆ, ಬರ ಬಂದು ನೀರು ಬತ್ತಿದರೆ, ಬೆಳ್ಳೂರಿನ ಆವರಣದಲ್ಲಿ ಮೀನು ಹಾಕುವ ಹುಡುಗ ಏನು ಮಾಡಿಯಾನು? ನಿಸರ್ಗ ಕ್ಲಬ್ಬುಗಳು ಕೆರೆ ಕೆರೆಗೂ ಹೋಗಿ ಹಕ್ಕಿ ಎಣಿಸುವ, ನೀರು ನೋಡುವ ಕೆಲಸ ಬಿಡಬಾರದು ಅಂತ ನಾನು ಹೇಳುವುದು ಇದಕ್ಕೇ. ಹಕ್ಕಿ ಸಾಯುವ ಮೊದಲೇ ಕೆರೆ ಸುದ್ದಿ ಹೇಳುತ್ತದೆ.

ಇನ್ನೊಂದು ಚಿಂತೆ ಮರದ್ದು. ಹಳೆಯ ಮರಗಳು ಗಾಳಿಗೆ ಬೀಳುತ್ತವೆ. ಮನೆ ದೊಡ್ಡದು ಮಾಡುವಾಗ, ಮಗಳ ಮದುವೆಗೆ ದುಡ್ಡು ಬೇಕಾದಾಗ ಮರಕ್ಕೆ ಕೊಡಲಿ ಬೀಳುತ್ತದೆ. ಆ ರೈತನನ್ನು ಬೈದು ಪ್ರಯೋಜನ ಇಲ್ಲ. ಅವನ ಮನೆಯವರು ತಲೆಮಾರುಗಳಿಂದ ಹಕ್ಕಿಗೆ ಜಾಗ ಕೊಟ್ಟಿದ್ದಾರೆ. ಪರಿಹಾರ ಹುಣಸೆ ಫಸಲಿಗೆ ಸರಿಸಮ ಇರಬೇಕು, ಸಮಯಕ್ಕೆ ಕೈಗೆ ಬರಬೇಕು. ಇದು ದಾನ ಅಲ್ಲ, ಬಾಡಿಗೆ ಅಂತ ತಿಳಿಯಬೇಕು.

ಊರಿನ ಸುತ್ತ ಸಸಿ ನೆಡುವ ಕೆಲಸವೂ ನಡೆದಿದೆ. ಹುಣಸೆ ಬೆಳೆಯುವುದು ನಿಧಾನ. ನಾಲ್ಕೈದು ಕಿಲೋ ಹಕ್ಕಿಗಳು ಸಾಲಾಗಿ ಗೂಡು ಕಟ್ಟುವಷ್ಟು ಕೊಂಬೆ ಹರಡಲು ಇಂದು ಸಸಿಗೆ ನೀರು ಹಾಕುವ ಹುಡುಗನಿಗೆ ಮಕ್ಕಳಾಗುವ ವಯಸ್ಸು ಬರಬೇಕು. ಅಲ್ಲಿಯವರೆಗೆ ಬೀದಿಯಲ್ಲಿರುವ ಮುದಿ ಮರಗಳೇ ಗತಿ.