ತಿಂಗಳಿಗೆ ಒಂದು ಡಾಲರ್ ಬಾಡಿಗೆಯ ತೋಟ

ನ್ಯೂಯಾರ್ಕಿನಲ್ಲಿ ಬವರಿ ಮತ್ತು ಹೌಸ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿ ಒಂದು ಖಾಲಿ ಸೈಟಿತ್ತು. ಹೆಸರಿಗೆ ಖಾಲಿ ಅಷ್ಟೇ, ಅದರ ತುಂಬ ಕಸ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಕಸ ಎತ್ತಿಸಿದರು, ಮಣ್ಣು ಹಾಕಿಸಿದರು, ಬೇಲಿ ಕಟ್ಟಿ ತರಕಾರಿ ಪಾತಿ ಮಾಡಿದರು. ಮರುವರ್ಷದ ಏಪ್ರಿಲ್‌ನಲ್ಲಿ ನಗರಾಡಳಿತ ಆ ಜಾಗವನ್ನು ಇವರಿಗೇ ಬಾಡಿಗೆಗೆ ಕೊಟ್ಟಿತು. ಬಾಡಿಗೆ ತಿಂಗಳಿಗೆ 1 ಡಾಲರ್.

ಬಡಾವಣೆಯ ಜನರ ಕೈಗೆ ಸಣ್ಣ ಮೊತ್ತ ಕೊಟ್ಟು ಪಾರ್ಕು, ತೋಟ, ಕಟ್ಟೆ, ಆಟದ ಜಾಗ ಮಾಡಿಸುವ ಗ್ರ್ಯಾಂಟುಗಳು ಈಗ ಎಷ್ಟೋ ದೇಶಗಳಲ್ಲಿವೆ. ಇಂಥ ಪುಟ್ಟ ಜಾಗಗಳನ್ನು ಇಂಗ್ಲೆಂಡಿನಲ್ಲಿ 'ಪಾಕೆಟ್ ಪಾರ್ಕ್' ಅನ್ನುತ್ತಾರೆ, ಅಂದರೆ ಜೇಬಿನಷ್ಟು ಪಾರ್ಕು. ಇಂಥ ಗ್ರ್ಯಾಂಟುಗಳ ಬೇರು ಹುಡುಕುತ್ತಾ ಹೋದರೆ ಸಿಗುವ ದಾರಿಗಳಲ್ಲಿ ಒಂದು ಈ 1 ಡಾಲರ್ ಬಾಡಿಗೆಯ ಮೂಲೆಗೆ ಬರುತ್ತದೆ.

ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು? ಧಾರಾಳತನ ಅಂದುಕೊಳ್ಳಬೇಡಿ. ಖಜಾನೆಯೇ ಬರಿದಾಗುತ್ತಿತ್ತು. 1975ರಲ್ಲಂತೂ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಬಡವರ ಬೀದಿಗಳಲ್ಲಿ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡ ಬಿಟ್ಟುಹೋಗುತ್ತಿದ್ದರು. ವಿಮೆ ಹಣಕ್ಕಾಗಿ ಬೆಂಕಿ ಇಟ್ಟವರೂ ಇದ್ದರು. ಹಾಗೆ ಪಾಳುಬಿದ್ದ ಸಾವಿರಾರು ಸೈಟುಗಳು ನಗರಾಡಳಿತದ ಕೊರಳಿಗೆ ಬಿದ್ದವು. ಅವನ್ನು ಗುಡಿಸಲೂ ದುಡ್ಡಿಲ್ಲ. ಜನರೇ ಬಂದು ಗುಡಿಸುತ್ತೇವೆ ಅಂದರೆ ಬೇಡ ಅನ್ನುವವರು ಯಾರು?

ಕ್ರಿಸ್ಟಿ ಮತ್ತು ಗೆಳೆಯರ ಗುಂಪಿಗೆ 'ಗ್ರೀನ್ ಗೆರಿಲ್ಲಾಸ್' ಅಂತ ಹೆಸರಾಯಿತು. ಒಳಗೆ ಹೋಗಲು ಆಗದ ಸೈಟುಗಳಿಗೆ ಬೀಜ, ಗೊಬ್ಬರ ತುಂಬಿದ ಬಲೂನುಗಳನ್ನು ಬೇಲಿಯ ಮೇಲಿಂದ ಎಸೆಯುತ್ತಿದ್ದರು. ನಮ್ಮ ಶಾಲೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಮಕ್ಕಳಿಂದ ಬೀಜದುಂಡೆ ಮಾಡಿಸುತ್ತಾರಲ್ಲ, ಅದೇ ಜಾತಿಯ ಉಪಾಯ. 1978ರಲ್ಲಿ ನಗರಾಡಳಿತವೇ 'ಗ್ರೀನ್‌ಥಂಬ್' ಎಂಬ ಯೋಜನೆ ಶುರುಮಾಡಿತು. ಕೇಂದ್ರ ಸರ್ಕಾರದ ಅನುದಾನದಲ್ಲಿ ತೋಟಗಾರರಿಗೆ ಮಣ್ಣು, ಮರದ ಹಲಗೆ, ಸಲಕರಣೆ, ತರಬೇತಿ ಸಿಕ್ಕವು. ಜಾಗವನ್ನು ಮಾತ್ರ ಯಾವಾಗ ಬೇಕಾದರೂ ವಾಪಸ್ ಕೇಳಬಹುದಾಗಿತ್ತು. ಆ ಹೊತ್ತಿಗೆ ಅದರ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಸಣ್ಣ ಗ್ರ್ಯಾಂಟಿಗೆ ಒಂದು ಗಟ್ಟಿಯಾದ ಲೆಕ್ಕಾಚಾರ ಕೊಟ್ಟದ್ದು ಮಾತ್ರ ಅಮೆರಿಕದ ಇನ್ನೊಂದು ತುದಿಯ ಸಿಯಾಟಲ್.

ಅಲ್ಲಿ ಜನ ಮೊದಲಿಂದಲೂ ಮಣ್ಣು ಮುಟ್ಟಿದವರೇ. ಇಟಲಿಯಿಂದ ಬಂದ ಪಿಕಾರ್ಡೊ ಎಂಬ ಕುಟುಂಬ ಊರಂಚಿನಲ್ಲಿ ತರಕಾರಿ ಬೆಳೆಯುತ್ತಿತ್ತು. ಅವರ ಹೊಲದ ಒಂದು ತುಂಡಿನಲ್ಲಿ ಅಕ್ಕಪಕ್ಕದವರು ಬೆಳೆ ತೆಗೆಯತೊಡಗಿದರು. 1973ರಲ್ಲಿ ನಗರಾಡಳಿತ ಅದನ್ನೇ ಯೋಜನೆಯಾಗಿ ಮಾಡಿ, ಪಿಕಾರ್ಡೊ ಹೆಸರಿನ 'ಪಿ' ಇಟ್ಟು 'ಪಿ-ಪ್ಯಾಚ್' ಎಂದು ಕರೆಯಿತು. ಪಿ ಅಂದರೆ ಬಟಾಣಿ ಇರಬೇಕು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ.

1980ರ ದಶಕದಲ್ಲಿ ಸಿಯಾಟಲ್‌ನ ಬಡಾವಣೆ ಸಂಘಗಳಿಗೂ ನಗರಾಡಳಿತಕ್ಕೂ ಜಟಾಪಟಿ ಜೋರಾಗಿತ್ತು. ದುಡ್ಡೆಲ್ಲ ಪೇಟೆ ನಡುವಿನ ಎತ್ತರದ ಕಟ್ಟಡಗಳ ಸುತ್ತಲೇ ಸುರಿಯುತ್ತಿದ್ದೀರಿ, ನಮ್ಮ ಬೀದಿಗೆ ಏನು ಅನ್ನುವುದು ಜನರ ದೂರು. ನಗರಾಡಳಿತ 1988ರಲ್ಲಿ ಬಡಾವಣೆಗಳಿಗೆಂದೇ ಒಂದು ಕಚೇರಿ ತೆರೆಯಿತು. ಅದರ ಮುಖ್ಯಸ್ಥರಾಗಿ ಬಂದ ಜಿಮ್ ಡಿಯರ್ಸ್ ಹಿಂದೆ ಬಡ ಬಡಾವಣೆಗಳಲ್ಲಿ ಜನರನ್ನು ಸಂಘಟಿಸಿ ಇದೇ ಆಡಳಿತದ ಎದುರು ನಿಲ್ಲಿಸುತ್ತಿದ್ದವರು. ಗಲಾಟೆ ಮಾಡಿಸುವವರನ್ನೇ ಒಳಗೆ ಕೂರಿಸಿದ ಹಾಗಾಯಿತು. ಜಾಣತನವೇ ಬಿಡಿ.

ಕಚೇರಿಯ ಜೊತೆಗೇ ಹುಟ್ಟಿದ್ದು 'ನೇಬರ್‌ಹುಡ್ ಮ್ಯಾಚಿಂಗ್ ಫಂಡ್'. ಇದರ ಲೆಕ್ಕ ನಮಗೆ ಹೊಸದೇನಲ್ಲ, ನಮ್ಮ ಹಳ್ಳಿಯ ಕುಡಿಯುವ ನೀರಿನ ಯೋಜನೆಗಳಲ್ಲಿ ಕೇಳುವ ವಂತಿಗೆಯ ಹಾಗೆಯೇ. ಶುರುವಿನಲ್ಲಿ ಸರ್ಕಾರ ಎಷ್ಟು ಕೊಡುತ್ತಿತ್ತೋ ಅಷ್ಟನ್ನು ಜನರೂ ಹಾಕಬೇಕಿತ್ತು. ಆದರೆ ಜನರ ಪಾಲು ದುಡ್ಡಾಗಿಯೇ ಬರಬೇಕಿಲ್ಲ. ಅಂಗಡಿಯವರು ಕೊಟ್ಟ ಕಬ್ಬಿಣ, ಇಟ್ಟಿಗೆ ಲೆಕ್ಕಕ್ಕೆ ಸೇರುತ್ತದೆ. ಭಾನುವಾರ ಬಂದು ಗುದ್ದಲಿ ಹಿಡಿದ ಪ್ರತಿ ಗಂಟೆಗೂ ಇಂತಿಷ್ಟು ಡಾಲರ್ ಅಂತ ಬೆಲೆ ಕಟ್ಟಿ ಅದನ್ನೂ ಸೇರಿಸುತ್ತಾರೆ. ಶ್ರಮದಾನಕ್ಕೆ ಸರ್ಕಾರಿ ಪುಸ್ತಕದಲ್ಲಿ ಜಮಾ ಬಿತ್ತು. ಹೀಗಾಗಿ ಜೇಬಲ್ಲಿ ಕಾಸಿಲ್ಲದ ಬೀದಿಯವರೂ ಅರ್ಜಿ ಹಾಕಬಹುದಾಯಿತು. ಅರ್ಜಿಗಳನ್ನು ತೂಗಿ ನೋಡುವ ಸಮಿತಿಯಲ್ಲೂ ಬಡಾವಣೆಗಳ ಜನರೇ ಕೂರುತ್ತಿದ್ದರು. ಮೊದಲ ವರ್ಷ ಇಟ್ಟಿದ್ದು 1.5 ಲಕ್ಷ ಡಾಲರ್. 2001ರ ಹೊತ್ತಿಗೆ ಅದು 45 ಲಕ್ಷ ಡಾಲರ್ ಆಗಿತ್ತು.

ಈ ದುಡ್ಡಿನಲ್ಲಿ ಪಾರ್ಕು, ಆಟದ ಮೈದಾನ, ಪಿ-ಪ್ಯಾಚ್ ತೋಟಗಳು ಎಷ್ಟೋ ಆದವು. ಎಲ್ಲರ ಬಾಯಲ್ಲಿ ಉಳಿದದ್ದು ಮಾತ್ರ ಒಂದು ರಾಕ್ಷಸ. ಫ್ರೀಮಾಂಟ್ ಬಡಾವಣೆಯಲ್ಲಿ ಅರೋರಾ ಸೇತುವೆಯ ಕೆಳಗಿನ ಜಾಗ ಕಸದ ಗುಂಡಿಯಾಗಿತ್ತು. ಅಲ್ಲಿನ ಕಲಾ ಸಂಘದವರು ಈ ನಿಧಿಯ ನೆರವು ಪಡೆದು 1990ರಲ್ಲಿ 18 ಅಡಿ ಎತ್ತರದ ಕಾಂಕ್ರೀಟ್ ರಾಕ್ಷಸನನ್ನು ಕೂರಿಸಿದರು. ಅವನ ಎಡಗೈಯ ಮುಷ್ಟಿಯಲ್ಲಿ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ನಜ್ಜುಗುಜ್ಜಾಗಿದೆ. ಯಾವ ವಿನ್ಯಾಸ ಬೇಕು ಅಂತ ಊರವರೇ ಮತ ಹಾಕಿದ್ದರು. ಯಾವ ಎಂಜಿನಿಯರ್ ತಾನೇ ಎಸ್ಟಿಮೇಟ್‌ನಲ್ಲಿ 'ರಾಕ್ಷಸ, 1' ಅಂತ ಬರೆಯುತ್ತಿದ್ದ, ಹೇಳಿ? ಈಗ ಅಲ್ಲಿ ಪ್ರವಾಸಿಗರು ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ.

ರಾಕ್ಷಸನಿಗೆ ನೀರು ಹಾಕಬೇಕಿಲ್ಲ, ಕಳೆ ಕೀಳಬೇಕಿಲ್ಲ. ತೋಟಕ್ಕೆ ಬೇಕು. ತೋಟಕ್ಕೆ ಅದಕ್ಕಿಂತ ಮೊದಲು ಕಾಲ ಕೆಳಗಿನ ನೆಲ ಬೇಕು. ನ್ಯೂಯಾರ್ಕಿನವರಿಗೆ ಇದರ ಬಿಸಿ ತಟ್ಟಿದ್ದು 1999ರಲ್ಲಿ. ಅಷ್ಟರಲ್ಲಿ ನಗರ ಚೇತರಿಸಿಕೊಂಡಿತ್ತು, ಸೈಟಿನ ಬೆಲೆ ಏರಿತ್ತು. ಆ ಬೆಲೆ ಏರಲು ಈ ತೋಟಗಳೂ ಸ್ವಲ್ಪ ಕಾರಣ ಅನ್ನುವುದು ವಿಪರ್ಯಾಸ. ಮೇಯರ್ ರೂಡಿ ಜೂಲಿಯಾನಿ ಅವರ ಆಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಜನ ಬೀದಿಗಿಳಿದರು, ಕೋರ್ಟಿಗೆ ಹೋದರು. ಹರಾಜಿಗೆ ಇನ್ನೇನು ಒಂದು ದಿನ ಇದೆ ಅನ್ನುವಾಗ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆ ಮತ್ತು ನಟಿ ಬೆಟ್ ಮಿಡ್ಲರ್ ಕಟ್ಟಿದ ನ್ಯೂಯಾರ್ಕ್ ರೆಸ್ಟೊರೇಶನ್ ಪ್ರಾಜೆಕ್ಟ್ ಸೇರಿ ಸುಮಾರು 42 ಲಕ್ಷ ಡಾಲರ್‌ಗೆ ಆ ತೋಟಗಳನ್ನು ಕೊಂಡುಕೊಂಡವು. ಉಳಿದ ಎಷ್ಟೋ ತೋಟಗಳ ಹಣೆಬರಹ ತೀರ್ಮಾನವಾಗಲು 2002ರ ರಾಜಿ ಒಪ್ಪಂದದವರೆಗೆ ಕಾಯಬೇಕಾಯಿತು. ಕೆಲವು ಮನೆ ಕಟ್ಟಲು ಹೋದವು, ನೂರಾರು ಉಳಿದವು. ಹಲಗೆ ಕೊಟ್ಟ ಕೈಯೇ ನೆಲ ಕಿತ್ತುಕೊಳ್ಳಲು ಬಂದಿತ್ತು.

ಸಿಯಾಟಲ್‌ನವರು ಇದಕ್ಕೆ ಸ್ವಲ್ಪ ಮುಂಚೆಯೇ ಎಚ್ಚೆತ್ತಿದ್ದರು. ಅಲ್ಲಿನ ಬ್ರಾಡ್ನರ್ ಎಂಬ ಪಾರ್ಕಿನ ಜಾಗವನ್ನು ಮನೆ ಕಟ್ಟಲು ಮಾರುವ ಯೋಚನೆ ಬಂದಾಗ ಸುತ್ತಲಿನವರು ಸಹಿ ಸಂಗ್ರಹಕ್ಕೆ ಇಳಿದರು. ಅದರ ಫಲವಾಗಿ 1997ರಲ್ಲಿ ಒಂದು ಕಾನೂನೇ ಬಂತು: ಪಾರ್ಕಿನ ಜಾಗ ಬೇರೆ ಕೆಲಸಕ್ಕೆ ಬೇಕಾದರೆ ಅದೇ ಸುತ್ತಿನಲ್ಲಿ ಅಷ್ಟೇ ಜಾಗ ಬದಲಿಗೆ ಕೊಡಬೇಕು.

ಬೆಂಗಳೂರಿನಲ್ಲಿ ಈ ಜಗಳ ಮೊದಲು ನೆಲಕ್ಕಾಗಿಯೇ ನಡೆಯಿತು. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ದೇಶದಲ್ಲಿ ಎಲ್ಲೇ ಪಾರ್ಕಿನ ವ್ಯಾಜ್ಯ ಬರಲಿ, ವಕೀಲರು ಇವತ್ತಿಗೂ ಈ ಮುದ್ದಪ್ಪ ಪ್ರಕರಣವನ್ನು ಎತ್ತಿ ಹೇಳುತ್ತಾರೆ. ಅದಕ್ಕೂ ಮುಂಚೆ, 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಮನೆ ಮುಂದೆ ಯಾವ ಗಿಡ ಬೇಕು ಅಂತ ನಿವಾಸಿಗಳನ್ನೇ ಕೇಳಿ ನೆಡುವುದು ಅವರ ಪದ್ಧತಿ. ತಾನೇ ಆರಿಸಿದ ಹೊಂಗೆಗೆ ಯಾರಾದರೂ ಒಂದು ಬಕೆಟ್ ನೀರು ಹಾಕದೇ ಇರುತ್ತಾರಾ?

ಗ್ರ್ಯಾಂಟ್ ಕೊಡುವವರು ಹಿಂದೆ ಸರಿಯುವುದು ಆ ಬಕೆಟ್ ನೀರಿನ ಜಾಗದಲ್ಲೇ. ಬೆಂಚು ಹಾಕಿಸಲು, ಕಮಾನು ಕಟ್ಟಿಸಲು ದುಡ್ಡು ಸಿಗುತ್ತದೆ, ಅವುಗಳ ಮೇಲೆ ಹೆಸರು ಬರೆಸಬಹುದು. ಕಳೆ ಕಿತ್ತಿದ್ದಕ್ಕೆ ಫಲಕ ಎಲ್ಲಿ ಹಾಕುತ್ತೀರಿ? ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನವರು ಟ್ರಸ್ಟ್ ಕಟ್ಟಿಕೊಂಡು 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡಾಗ ಅವರು ಹೊತ್ತಿದ್ದು ಇದೇ ಫಲಕವಿಲ್ಲದ ಕೆಲಸವನ್ನು. ದಿನಾ ಕಸ ತೆಗೆಯುವುದು, ನೀರಿನ ಮೇಲಿನ ಕಳೆ ಎಳೆಯುವುದು, ಅದಕ್ಕೆ ಬೇಕಾದ ಸಂಬಳದ ಹಣವನ್ನು ದೇಣಿಗೆ ಎತ್ತಿ ಹೊಂದಿಸುವುದು.

ದೊಡ್ಡ ಮೊತ್ತವೇನೂ ಬೇಕಾಗುವುದಿಲ್ಲ ಅನ್ನುವುದಕ್ಕೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪುರಾವೆ ಇದೆ. ಅಲ್ಲಿ ಸಂಶೋಧಕರು 541 ಪಾಳು ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವನ್ನು ಶುಚಿಮಾಡಿದರು, ಕೆಲವನ್ನು ಹಾಗೇ ಬಿಟ್ಟರು. ಮಾಡಿದ್ದಾದರೂ ಏನು? ಹುಲ್ಲು, ನಾಲ್ಕಾರು ಮರ, ಜನ ಒಳಗೆ ಬರಲು ದಾರಿ ಬಿಟ್ಟ ಒಂದು ಗಿಡ್ಡ ಮರದ ಬೇಲಿ. ಆಮೇಲೆ ತಿಂಗಳು ತಿಂಗಳೂ ಹುಲ್ಲು ಕತ್ತರಿಸಿದರು. 2018ರಲ್ಲಿ ಫಲಿತಾಂಶ ಬಂತು. ಕಡುಬಡವರಿರುವ ಕಡೆ, ಶುಚಿಮಾಡಿದ ಸೈಟುಗಳ ಸುತ್ತ ಗುಂಡಿನ ದಾಳಿ ಶೇ. 29ರಷ್ಟು ಇಳಿದಿತ್ತು. ಎಲ್ಲರೂ ಈ 29 ಹೇಳುತ್ತಾರೆ. ತಿಂಗಳು ತಿಂಗಳೂ ಹುಲ್ಲು ಕತ್ತರಿಸಿದ್ದನ್ನು ಹೇಳುವವರು ಕಡಿಮೆ.

ನಮ್ಮ ಬಡಾವಣೆಯ ಪಾರ್ಕಿನ ಬೋರ್‌ವೆಲ್ ಮೋಟಾರು ಸುಟ್ಟು ಎರಡು ತಿಂಗಳಾಯಿತು. ಹುಲ್ಲು ಒಣಗಿ ಕಡ್ಡಿಯಾಗಿದೆ. ಓಪನ್ ಜಿಮ್‌ಗೆ ಮಾತ್ರ ಹೋದ ವಾರ ಹೊಸ ಬಣ್ಣ ಬಂತು.