ಕಬ್ಬಿನ ತರಗಿನಡಿಯ ಕೊಳಕುಮಂಡಲ

ಶಿವರಾತ್ರಿ ಸಮೀಪಿಸುವ ಹೊತ್ತಿಗೆ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ಹುಲ್ಲು ಮೆದೆಯಾಗಿರುತ್ತದೆ, ಹೊಂಗೆ ಚಿಗುರತೊಡಗುತ್ತದೆ, ಆಲೆಮನೆಗಳ ಹೊಗೆ ಬೆಳಗಿನ ಮಂಜಿನೊಡನೆ ಬೆರೆಯುತ್ತದೆ. ಕಬ್ಬಿನ ಕಟಾವು ಇನ್ನೂ ನಡೆದೇ ಇರುತ್ತದೆ. ನೋಡುವವರಿಗೆ ಹಿತವೆನಿಸುವ ಈ ದಿನಗಳು ಕಬ್ಬು ಕಡಿಯುವವರಿಗೆ ಅಷ್ಟೇನೂ ಹಿತವಲ್ಲ; ಏಕೆಂದರೆ ಅವರ ಕೈಯೂ ಕೊಳಕುಮಂಡಲದ ಹಾವೂ ಒಂದೇ ಎತ್ತರದಲ್ಲಿರುತ್ತವೆ.

ಕಬ್ಬನ್ನು ನೆಲಮಟ್ಟಕ್ಕೆ ಕಡಿದರೆ ಇಳುವರಿಯೂ ಹೆಚ್ಚು, ಕೂಳೆಯೂ, ಅಂದರೆ ನೆಲದಲ್ಲಿ ಉಳಿದ ಬುಡವೂ, ಚೆನ್ನಾಗಿ ಒಡೆಯುತ್ತದೆ. ಹಾಗಾಗಿ ಕಡಿಯುವವರು ಬಾಗಿ, ಬುಡದ ಒಣ ತರಗಿನೊಳಗೆ ಕೈಹಾಕಲೇಬೇಕು. ಇಲಿ, ಹೆಗ್ಗಣಗಳನ್ನು ಅರಸಿ ಬಂದ ಹಾವು ಅದೇ ತರಗಿನಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಅದರ ಬೆನ್ನಿನ ಕಂದು ಬಣ್ಣದ ದುಂಡು ಮಚ್ಚೆಗಳು ಒಣಗಿದ ಗರಿಯಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ. ಕೇರೆಹಾವಿನಂತೆ ಸದ್ದು ಕೇಳಿದೊಡನೆ ಓಡುವ ಸ್ವಭಾವ ಇದರದಲ್ಲ. ಅಡಗಿಯೇ ಬದುಕುವ ಈ ಹಾವು ಕದಲದೆ ಉಳಿಯುತ್ತದೆ, ತೀರ ಹತ್ತಿರ ಹೋದರೆ ಕುಕ್ಕರಿನಂತೆ ಬುಸುಗುಟ್ಟುತ್ತದೆ. ಕತ್ತಿಯ ಸದ್ದಿನಲ್ಲಿ ಅದು ಕೇಳಿಸಿದರೆ ಪುಣ್ಯ. ಇರುಳಿನಲ್ಲಿ ಸಂಚರಿಸುವ ಹಾವಾದರೂ ಚಳಿಗಾಲದಲ್ಲಿ ಬಿಸಿಲು ಕಾಯಲು ಹಗಲಿನಲ್ಲಿಯೂ ಹೊರಬರುವುದುಂಟು.

ಇದರ ವಿಷ ಕೆಲಸ ಮಾಡುವ ಬಗೆ ವಿಚಿತ್ರವಾದುದು. ರಕ್ತ ಹೆಪ್ಪುಗಟ್ಟಲು ಹಲವು ಪ್ರೋಟೀನುಗಳು ಒಂದರ ಹಿಂದೆ ಒಂದರಂತೆ ಎಚ್ಚರಗೊಳ್ಳಬೇಕು. ವಿಷದ ಕಿಣ್ವಗಳು ಈ ಸಾಲಿನ ನಡುವೆ ನುಗ್ಗಿ, ಐದನೆಯ ಮತ್ತು ಹತ್ತನೆಯ ಅಂಶಗಳೆಂದು ಕರೆಯುವ ಪ್ರೋಟೀನುಗಳನ್ನು ನೇರವಾಗಿ ಚುರುಕುಗೊಳಿಸುತ್ತವೆ. ಆಗ ರಕ್ತನಾಳಗಳಲ್ಲಿ ಬೇಡದ ಕಡೆಯೆಲ್ಲ ಹೆಪ್ಪು ಮೂಡಿ, ಫೈಬ್ರಿನೋಜನ್ ಎಂಬ ಹೆಪ್ಪಿನ ಮೂಲವಸ್ತುವೇ ಮುಗಿದುಹೋಗುತ್ತದೆ. ನಾಲೆಯ ನೀರನ್ನೆಲ್ಲ ಮೇಲಿನವರೇ ಹರಿಸಿಕೊಂಡರೆ ಕೊನೆಯ ಭಾಗದ ಗದ್ದೆಗೆ ಏನೂ ಉಳಿಯದಿರುವುದನ್ನು ಇಲ್ಲಿನ ರೈತರಿಗೆ ವಿವರಿಸಬೇಕಿಲ್ಲ. ವಸಡಿನಿಂದ, ಹಳೆಯ ಗಾಯದಿಂದ ರಕ್ತ ಒಸರತೊಡಗುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ಇದೇ ವಿಷವನ್ನು ಬಹಳ ತೆಳುವಾಗಿಸಿ 1934ರಲ್ಲಿ ಇಂಗ್ಲೆಂಡಿನ ವೈದ್ಯರು ಹಿಮೋಫಿಲಿಯಾ ರೋಗಿಗಳ ರಕ್ತಸ್ರಾವ ನಿಲ್ಲಿಸಲು ಗಾಯದ ಮೇಲೆ ಹಚ್ಚಿ ನೋಡಿದ್ದರು; ಇಂದಿಗೂ ಪ್ರಯೋಗಾಲಯಗಳ ಒಂದು ರಕ್ತಪರೀಕ್ಷೆಯಲ್ಲಿ ಅದು ಬಳಕೆಯಲ್ಲಿದೆ.

ಇದು ತಿಳಿದರೆ, ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯುವುದು ಎಂಥ ಅವಿವೇಕವೆಂಬುದು ತಾನಾಗಿ ಹೊಳೆಯುತ್ತದೆ: ಹೆಪ್ಪುಗಟ್ಟದ ರಕ್ತಕ್ಕೆ ನಾವೇ ಇನ್ನೊಂದು ಬಾಗಿಲು ತೆರೆದಂತೆ. ಬಿಗಿಯಾಗಿ ಹಗ್ಗ ಕಟ್ಟಿದರೆ ಆ ಭಾಗದ ಮಾಂಸ ಕೊಳೆಯುವ ಅಪಾಯವುಂಟು. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ಮುರಿದ ಮೂಳೆಗೆ ಮಾಡುವಂತೆ ಪಟ್ಟಿಯಿಟ್ಟು ಆ ಅಂಗ ಅಲುಗದಂತೆ ಮಾಡಿ, ನಡೆಸದೆ ಆಸ್ಪತ್ರೆಗೆ ಒಯ್ಯುವುದಷ್ಟೇ ನಮ್ಮ ಕೆಲಸ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ತಡವಾಯಿತಾದರೂ ಒಳ್ಳೆಯದೇ ಆಯಿತು.

ಆಸ್ಪತ್ರೆಯಲ್ಲಿ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತವಿಟ್ಟು 20 ನಿಮಿಷ ಕದಲಿಸದೆ ಬಿಟ್ಟು, ಆಮೇಲೆ ಬಾಗಿಸಿ ನೋಡುತ್ತಾರೆ. ಗಾಜಿನ ಮೈಯೇ ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವುದರಿಂದ ಪ್ಲಾಸ್ಟಿಕ್ ನಳಿಕೆ ಇಲ್ಲಿ ನಡೆಯದು. ರಕ್ತ ನೀರಿನಂತೆ ಹರಿದರೆ ಪ್ರತಿವಿಷ ಕೊಡಬೇಕು. ಅದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆಯೇ ಹೊರತು ಮುಗಿದುಹೋದ ಫೈಬ್ರಿನೋಜನನ್ನು ಮರಳಿ ತರಲಾರದು. ಅದನ್ನು ಯಕೃತ್ತೇ ಹೊಸದಾಗಿ ತಯಾರಿಸಬೇಕು, ಅದಕ್ಕೆ ಕೆಲವು ಗಂಟೆಗಳು ಬೇಕು. ಆದ್ದರಿಂದಲೇ ವೈದ್ಯರು ಆರು ಗಂಟೆ ಕಳೆದ ಮೇಲೆ ಅದೇ ನಳಿಕೆಯ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ.